ವಯಸ್ಕರ ವಿದ್ಯೆಗೆ ಧನ

2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇಕಡಾ 75.36 ಇದ್ದಾಗ ಬೆಳಗಾವಿ ಜಿಲ್ಲೆಯದು 73.48 ಆಗಿದ್ದಿತು. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಹಳ್ಳಿಗಳಲ್ಲಿ ಹಗಲೆಲ್ಲ ಕಬ್ಬಿನ ಹೊಲದಲ್ಲಿ ದುಡಿದು, ಸಂಜೆ ಸ್ವಸಹಾಯ ಸಂಘದ ಪುಸ್ತಕಕ್ಕೆ ಹೆಬ್ಬೆಟ್ಟೊತ್ತುವ ತಾಯಂದಿರು ಆ ಅಂಕಿಯ ಹಿಂದೆ ನಿಂತಿದ್ದಾರೆ. 2022ರಿಂದ 2027ರವರೆಗಿನ ನವಭಾರತ ಸಾಕ್ಷರತಾ ಕಾರ್ಯಕ್ರಮಕ್ಕೆ ದೇಶಾದ್ಯಂತ 1037.90 ಕೋಟಿ ರೂಪಾಯಿ ನಿಗದಿಯಾಗಿರುವುದೂ, 15 ವರ್ಷ ದಾಟಿದವರಿಗೆ ‘ಉಲ್ಲಾಸ್’ ಆ್ಯಪಿನ ಮೂಲಕ ಪಾಠಗಳು ದೊರೆಯುವುದೂ ಸ್ವಾಗತಾರ್ಹವೇ ಸರಿ. ಆದರೆ ಬೋಧಕರನ್ನು ಕೇವಲ ಸ್ವಯಂಸೇವಕರೆಂದು ಗಣಿಸಿರುವ ಈ ಯೋಜನೆಯಲ್ಲಿ, ಓದಲರಿಯದವಳ ಬೆರಳನ್ನು ಹಿಡಿದು ತೆರೆಯ ಮೇಲಿನ ಪ್ರಥಮಾಕ್ಷರವನ್ನು ತೋರಿಸುವವರಿಗೆ ಗೌರವಧನವಿಲ್ಲದೆ, ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರಕ್ಕೆ ಕೊಟ್ಟ ಉಪಕರಣದ ದುರಸ್ತಿಗೂ ಇಂಟರ್‌ನೆಟ್ಟಿಗೂ ವಾರ್ಷಿಕ ಅನುದಾನವಿಲ್ಲದೆ ಹೋದರೆ, ಆ ಉಪಕರಣವು ಬೀಗದೊಳಗೇ ಉಳಿದೀತೆಂಬುದು ನಮ್ಮ ಆತಂಕ. ಹಣವನ್ನು ಸ್ಥಳೀಯರ ಕೈಗೊಪ್ಪಿಸಲು ಅಧಿಕಾರಿಗಳು ಶಂಕಿಸಬೇಕಾಗಿಲ್ಲ. 1969ರಲ್ಲಿಯೇ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವನ್ನು ಸ್ಥಾಪಿಸಿ, ತಮ್ಮ ಊರುಗಳಿಗೆ ತಾವೇ ಬೆಳಕನ್ನು ಹಂಚಿಕೊಂಡ ಹುಕ್ಕೇರಿಯ ಜನರ ಸಾಹಸವು ಕಣ್ಣೆದುರಿಗೇ ಉಂಟು. ಬೋಧಕರ ಗೌರವಧನವನ್ನೂ ಉಪಕರಣಗಳ ನಿರ್ವಹಣಾ ವೆಚ್ಚವನ್ನೂ ಒಳಗೊಂಡ ನಿಧಿಯೊಂದನ್ನು ಸರ್ಕಾರವು ಮುಂದಿನ ಆಯವ್ಯಯದಲ್ಲಿಯೇ ಈ ಮೂರು ತಾಲೂಕುಗಳ ಪಂಚಾಯಿತಿಗಳಿಗೆ ನೇರವಾಗಿ ಒದಗಿಸತಕ್ಕದ್ದು. ತರಗತಿಯ ವೇಳೆಯನ್ನು, ಕಬ್ಬಿನ ಕಟಾವಿನ ಕಾಲವನ್ನರಿತು, ಕಲಿಯುವ ಹೆಂಗಸರೇ ಗೊತ್ತುಮಾಡಲಿ.