ಟಿಕೆಟ್ ಅಗ್ಗವಾದರೆ ಸಾಲದು, ಪ್ರಯಾಣ ಅಗ್ಗವಾಗಬೇಕು

ಇಂಟರ್ನ್‌ಶಿಪ್‌ಗೋ ಕೆಲಸಕ್ಕೋ ಸಂದರ್ಶನದ ಇಮೇಲ್ ಬಂದಾಗ ನಮ್ಮ ಹಾಸ್ಟೆಲ್‌ನಲ್ಲಿ ಎಲ್ಲರೂ ಮೊದಲು ಹುಡುಕುವುದು ಎರಡು ಸಾಲು: ಸ್ಥಳ ಮತ್ತು ದಿನಾಂಕ. ಸ್ಥಳ ಹೆಚ್ಚಿನ ಸಲ ಬೆಂಗಳೂರು. ದಿನಾಂಕ ಹೆಚ್ಚಿನ ಸಲ ನಾಡಿದ್ದು. ಅಲ್ಲಿಂದ ಲೆಕ್ಕ ಶುರು. ಯಾವ ಬಸ್ಸು, ಎಷ್ಟು ಗಂಟೆಗೆ, ಇಳಿಯುವುದೆಲ್ಲಿ, ಸ್ನಾನ ಎಲ್ಲಿ, ರೊಕ್ಕ ಎಷ್ಟು? ಈ ಲೆಕ್ಕ ಮುಗಿಯುವಷ್ಟರಲ್ಲಿ ನಾಲ್ವರಲ್ಲಿ ಒಬ್ಬನಾದರೂ ‘ಹೋಗ್ಲಿ ಬಿಡಲೇ, ಮುಂದಿನ ಸಲ ನೋಡೂಣು’ ಅಂದಿರುತ್ತಾನೆ.

ನಾನು ಹುಬ್ಬಳ್ಳಿಯಲ್ಲಿ ಬಿ.ಇ. ಮೂರನೇ ವರ್ಷ ಓದುತ್ತಿದ್ದೇನೆ. ಮನೆ ರಾಣೆಬೆನ್ನೂರು ಹತ್ತಿರದ ಹಳ್ಳಿ. ಹುಬ್ಬಳ್ಳಿಯಿಂದ ಬೆಂಗಳೂರು ಸುಮಾರು 410 ಕಿ.ಮೀ. ಹಾವೇರಿ, ದಾವಣಗೆರೆ, ಚಿತ್ರದುರ್ಗ, ಹಿರಿಯೂರು, ತುಮಕೂರು ದಾಟಿ ಹೋಗುವ ಈ ದಾರಿಯಲ್ಲಿ ಕಳೆದ ಒಂದು ವರ್ಷದಲ್ಲಿ ಆರು ಸಲ ಹೋಗಿ ಬಂದಿದ್ದೇನೆ. ಪ್ರತಿ ಸಲವೂ ಖರ್ಚನ್ನು ಒಂದು ಸಣ್ಣ ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಅದನ್ನು ನೋಡಿ ನಗುವವರೂ ಇದ್ದಾರೆ. ಆದರೆ ಬೆಂಗಳೂರಿಗೆ ಹೋಗಿಬರಲು ಆಗುವುದೂ ಒಂದು ಅರ್ಹತೆಯೇ, ಯಾವ ಜಾಹೀರಾತಿನಲ್ಲೂ ಅದನ್ನು ಬರೆದಿರುವುದಿಲ್ಲ ಎಂಬುದು ನನಗೆ ಗೊತ್ತಾಗಿದ್ದು ಆ ಡೈರಿಯಿಂದಲೇ.

ಊರಿಗೆ ಫೋನ್ ಮಾಡಿದರೆ ಅಪ್ಪ ಕೇಳುವ ಮೊದಲ ಪ್ರಶ್ನೆ, ‘ಬಸ್ ಚಾರ್ಜ್ ಎಷ್ಟಾಗತೈತಿ?’ ಎಲ್ಲ ಮನೆಯಲ್ಲೂ ಇದೇ ಪ್ರಶ್ನೆ. ಅದಕ್ಕೆ ಉತ್ತರ ಸುಲಭ, ಆದರೆ ಆ ಉತ್ತರ ಅರ್ಧ ಮಾತ್ರ. ಉಳಿದರ್ಧ ಬೆಂಗಳೂರಿನಲ್ಲಿ ಇಳಿದ ಮೇಲೆ ತಿಳಿಯುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. ಮೊದಲ ಸಲ ಹೋದಾಗ ಬಸ್ಸು ಬೆಳಗಿನ ಜಾವ ಮೂರೂವರೆಗೇ ಮುಟ್ಟಿತ್ತು. ಪರಿಚಯದವರ ರೂಮು ಎಂಟು ಕಿ.ಮೀ. ದೂರ. ಬೆಂಗಳೂರಿನಲ್ಲಿ 2025ರ ಆಗಸ್ಟ್‌ನಿಂದ ಆಟೊ ದರ ಮೊದಲ ಎರಡು ಕಿ.ಮೀ.ಗೆ 36 ರೂಪಾಯಿ, ನಂತರ ಪ್ರತಿ ಕಿ.ಮೀ.ಗೆ 18 ರೂಪಾಯಿ. ರಾತ್ರಿ ಹತ್ತರಿಂದ ಬೆಳಿಗ್ಗೆ ಐದರವರೆಗೆ ಒಂದೂವರೆ ಪಟ್ಟು. ಅಂದರೆ ಎಂಟು ಕಿ.ಮೀ.ಗೆ ಹಗಲು 144, ರಾತ್ರಿ 216. ನನ್ನನ್ನು ಕೇಳಿದ್ದು 400. ಅದೇ ದೂರಕ್ಕೆ ಬೆಳಿಗ್ಗೆ ಐದೂವರೆಯ ನಂತರ ಸಿಟಿ ಬಸ್ಸಿನಲ್ಲೋ ಮೆಟ್ರೊದಲ್ಲೋ ಹೋದರೆ ಅದರ ಕಾಲು ಭಾಗವೂ ಆಗುವುದಿಲ್ಲ. ನಾನು ಬಸ್ ನಿಲ್ದಾಣದ ಬೆಂಚಿನಲ್ಲೇ ಬೆಳಕಾಗುವ ತನಕ ಕೂತೆ. ಹುಡುಗನಾಗಿದ್ದಕ್ಕೆ ಕೂತೆ. ನನ್ನ ತಂಗಿಗೆ ‘ಬೆಂಚಿನ ಮೇಲೆ ಕೂತಿರು’ ಎಂದು ನಾನು ಹೇಳುವುದಿಲ್ಲ.

ಹಾಗಾಗಿ ಅಗ್ಗದ ಪ್ರಯಾಣದ ಯೋಜನೆ ಹೊರಡುವ ಸಮಯದಿಂದಲ್ಲ, ಮುಟ್ಟುವ ಸಮಯದಿಂದ ಶುರುವಾಗಬೇಕು. ಒಂಬತ್ತಕ್ಕೆ ಸಂದರ್ಶನವಿದ್ದರೆ ಆರರ ಸುಮಾರಿಗೆ ಇಳಿಯುವ ಬಸ್ಸೇ ಒಳ್ಳೆಯದು. ರಾತ್ರಿ ಎಂಟಕ್ಕೆ ಹೊರಟು ನಡುರಾತ್ರಿ ಕಳೆದು ಇಳಿಯುವುದಕ್ಕಿಂತ, ಹತ್ತೂವರೆಯ ನಂತರ ಹೊರಡುವ ಬಸ್ಸು ಐವತ್ತು ರೂಪಾಯಿ ಹೆಚ್ಚಾದರೂ ಒಟ್ಟು ಲೆಕ್ಕದಲ್ಲಿ ಅಗ್ಗ.

ಎರಡನೆಯದು, ಇಳಿಯುವ ಜಾಗ. ನಮ್ಮ ಕಡೆಯವರಿಗೆ ಬೆಂಗಳೂರು ಅಂದರೆ ಮೆಜೆಸ್ಟಿಕ್. ಆದರೆ ನಮ್ಮ ಬಸ್ಸು ಊರೊಳಗೆ ಬರುವುದೇ ತುಮಕೂರು ರಸ್ತೆಯಿಂದ. ಹಸಿರು ಮಾರ್ಗದ ಮೆಟ್ರೊ 2024ರ ನವೆಂಬರ್‌ನಿಂದ ಅದೇ ರಸ್ತೆಯ ಮಾದಾವರದವರೆಗೆ ಬಂದಿದೆ. ನಾಗಸಂದ್ರ, ದಾಸರಹಳ್ಳಿ, ಜಾಲಹಳ್ಳಿಯಲ್ಲೂ ನಿಲ್ದಾಣಗಳಿವೆ. ಕಂಡಕ್ಟರ್‌ಗೆ ಮೊದಲೇ ಹೇಳಿಟ್ಟು ಅಲ್ಲಿ ಇಳಿದರೆ, ಟ್ರಾಫಿಕ್‌ನಲ್ಲಿ ಸಿಕ್ಕಿಕೊಳ್ಳುವುದು ತಪ್ಪುತ್ತದೆ. ವೈಟ್‌ಫೀಲ್ಡ್ ಕಡೆ ಹೋಗುವವರು ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಬೇಕು. ಎಲೆಕ್ಟ್ರಾನಿಕ್ ಸಿಟಿಗೆ ಹೋಗುವವರು ಆರ್.ವಿ. ರಸ್ತೆಯಲ್ಲಿ ಹಳದಿ ಮಾರ್ಗ ಹಿಡಿಯಬೇಕು. ಅದು ಶುರುವಾಗಿದ್ದು 2025ರ ಆಗಸ್ಟ್‌ನಲ್ಲಿ. ದಿನವಿಡೀ ಎರಡು ಮೂರು ಕಡೆ ಅಲೆಯುವುದಿದ್ದರೆ ಬಿಎಂಟಿಸಿಯ ದಿನದ ಪಾಸು ತೆಗೆಸುವುದು ಮೇಲು.

ಮೂರನೆಯದು, ಟಿಕೆಟ್. ಸಾರಿಗೆ ನಿಗಮದ ಬಸ್ಸಿನಲ್ಲಿ ನಾಲ್ಕು ಅಥವಾ ಹೆಚ್ಚು ಜನ ಒಂದೇ ಟಿಕೆಟ್‌ನಲ್ಲಿ ಮುಂಗಡ ಬುಕ್ ಮಾಡಿದರೆ ಶೇ 5ರಷ್ಟು ರಿಯಾಯಿತಿ ಇದೆ. ಹೋಗುವ ಮತ್ತು ಬರುವ ಟಿಕೆಟ್ ಒಟ್ಟಿಗೆ ಬುಕ್ ಮಾಡಿದರೆ ಬರುವ ಟಿಕೆಟ್‌ನಲ್ಲಿ ಶೇ 10ರಷ್ಟು. ನಮ್ಮ ಕ್ಲಾಸಿನ ಅರ್ಧಕ್ಕಿಂತ ಹೆಚ್ಚು ಜನರಿಗೆ ಇದು ಗೊತ್ತೇ ಇರಲಿಲ್ಲ. ಎಲ್ಲರ ಮೊಬೈಲ್‌ನಲ್ಲೂ ಖಾಸಗಿ ಬುಕಿಂಗ್ ಆ್ಯಪ್ ಇದೆ, ಆದರೆ ನಿಗಮದ ಜಾಲತಾಣ ತೆರೆದು ನೋಡಿದವರು ಕಡಿಮೆ.

‘ರೈಲು ಇಲ್ಲವೇನು?’ ಎಂದು ಕೇಳುವವರಿದ್ದಾರೆ. ಇದೆ, ಅಗ್ಗವೂ ಹೌದು. ರಾತ್ರಿ ರಾಣಿ ಚನ್ನಮ್ಮ ಎಕ್ಸ್‌ಪ್ರೆಸ್‌ನಲ್ಲಿ ಸ್ಲೀಪರ್ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಎರಡು ದಿನ ಮೊದಲು ನೋಡಿದರೆ ಸಿಗುವುದು ವೇಟಿಂಗ್ ಲಿಸ್ಟ್. ಜನಶತಾಬ್ದಿ, ವಂದೇ ಭಾರತ್ ಹಗಲಿನ ರೈಲುಗಳು. ಹಿಂದಿನ ದಿನವೇ ಹೋಗಿ ರಾತ್ರಿ ಎಲ್ಲಾದರೂ ಉಳಿಯಬೇಕು. ಉಳಿಯಲು ಬಂಧುಗಳ ಮನೆ ಇರುವವರಿಗೆ ಸರಿ, ಇಲ್ಲದವರಿಗೆ ಲಾಡ್ಜಿನ ಖರ್ಚು ಟಿಕೆಟನ್ನೂ ಮೀರುತ್ತದೆ.

ಇಷ್ಟೆಲ್ಲ ಲೆಕ್ಕ ಗೊತ್ತಿದ್ದರೂ ಒಂದು ಮಾತು ಒಪ್ಪಲೇಬೇಕು. ಮೇಲೆ ಹೇಳಿದ ಉಪಾಯಗಳಲ್ಲಿ ಹೆಚ್ಚಿನವಕ್ಕೆ ಮುಂಚಿತವಾಗಿ ತಿಳಿದಿರಬೇಕು. ರಿಯಾಯಿತಿಗೆ ಮುಂಗಡ ಬುಕಿಂಗ್ ಬೇಕು, ರೈಲಿನ ಸೀಟಿಗೆ ವಾರಗಳು ಬೇಕು, ಜೊತೆಗೆ ನಾಲ್ವರನ್ನು ಸೇರಿಸಲು ದಿನಗಳು ಬೇಕು. ಅಗ್ಗಕ್ಕೆ ಬೇಕಾದ ಬಂಡವಾಳ ಸಮಯ. ನಮಗೆ ಕೊಡದೇ ಇರುವುದು ಅದನ್ನೇ.

ನನ್ನ ರೂಮ್‌ಮೇಟ್ ನನಗಿಂತ ಜಾಣ. ಪ್ರೋಗ್ರಾಮಿಂಗ್‌ನಲ್ಲಿ ಕ್ಲಾಸಿಗೇ ಮೊದಲು. ಕಳೆದ ವರ್ಷ ಒಂದು ಕಂಪನಿಯ ಇಂಟರ್ನ್‌ಶಿಪ್‌ಗೆ ಎರಡು ಆನ್‌ಲೈನ್ ಸುತ್ತು ದಾಟಿದ. ಕೊನೆಯ ಸುತ್ತಿಗೆ ಬೆಂಗಳೂರಿಗೆ ಬರಬೇಕೆಂದು ಶನಿವಾರ ಸಂಜೆ ಇಮೇಲ್ ಬಂತು. ಸಂದರ್ಶನ ಸೋಮವಾರ ಬೆಳಿಗ್ಗೆ. ಆ ಭಾನುವಾರ ದೀಪಾವಳಿ ರಜೆ ಮುಗಿಸಿ ಉತ್ತರ ಕರ್ನಾಟಕದ ಅರ್ಧ ಜನ ಬೆಂಗಳೂರಿಗೆ ವಾಪಸಾಗುವ ದಿನ. ನಿಗಮದ ಬಸ್ಸುಗಳಲ್ಲಿ ಸೀಟಿಲ್ಲ. ಖಾಸಗಿ ಬಸ್ಸಿನ ದರ ಮಾಮೂಲಿಯ ಮೂರು ಪಟ್ಟು. ಅವನ ಅವ್ವ ಅಂಗನವಾಡಿಯಲ್ಲಿ ಸಹಾಯಕಿ. ಹಬ್ಬದ ಖರ್ಚು ಆಗಷ್ಟೇ ಮುಗಿದಿತ್ತು. ನಾವು ಮೂವರು ಸೇರಿ ಕೊಡುತ್ತೇವೆಂದರೂ ಅವನು ಒಪ್ಪಲಿಲ್ಲ. ಕಂಪನಿಗೆ ಜ್ವರ ಎಂದು ಬರೆದ. ಅವರ ದಾಖಲೆಯಲ್ಲಿ ಅವನು ‘ಗೈರುಹಾಜರಿ’. ಇಂಥ ಎಷ್ಟು ಜ್ವರಗಳು ಪ್ರತಿವರ್ಷ ಬರುತ್ತವೋ ಯಾರೂ ಎಣಿಸಿಲ್ಲ.

ಹಬ್ಬ ಬಂದಾಗಲೆಲ್ಲ ಖಾಸಗಿ ಬಸ್ ದರದ ಸುದ್ದಿ ಬರುತ್ತದೆ, ಅಧಿಕಾರಿಗಳು ಎಚ್ಚರಿಕೆ ಕೊಡುತ್ತಾರೆ, ಹಬ್ಬ ಮುಗಿದ ಮೇಲೆ ಮಾತೂ ಮುಗಿಯುತ್ತದೆ. ಇದರ ಬುಡ ಪರವಾನಗಿಯಲ್ಲಿದೆ. ನಿಗಮದ ಬಸ್ಸುಗಳು ಅಲ್ಲಲ್ಲಿ ನಿಂತು, ಒಬ್ಬೊಬ್ಬರಿಗೂ ಟಿಕೆಟ್ ಕೊಟ್ಟು ಓಡಿಸುವ ಸ್ಟೇಜ್ ಕ್ಯಾರೇಜ್‌ಗಳು. ದೂರದೂರಿಗೆ ಓಡುವ ಖಾಸಗಿ ಸ್ಲೀಪರ್‌ಗಳಲ್ಲಿ ಹೆಚ್ಚಿನವು ಕಾಂಟ್ರ್ಯಾಕ್ಟ್ ಕ್ಯಾರೇಜ್‌ಗಳು, ಅಂದರೆ ಕಾನೂನಿನ ಲೆಕ್ಕದಲ್ಲಿ ಒಂದು ಗುಂಪು ಒಪ್ಪಂದ ಮಾಡಿಕೊಂಡು ಹೋಗುವ ವಾಹನಗಳು. ವಾಸ್ತವದಲ್ಲಿ ಅವೂ ಸೀಟಿನ ಲೆಕ್ಕದಲ್ಲೇ ಟಿಕೆಟ್ ಮಾರುತ್ತವೆ. ಹೀಗಾಗಿ ದರಕ್ಕೆ ಮಿತಿಯೇ ಇಲ್ಲದಂತಾಗಿದೆ. ಆದರೆ 1988ರ ಮೋಟಾರು ವಾಹನ ಕಾಯ್ದೆಯ 67ನೇ ಸೆಕ್ಷನ್ ಕಾಂಟ್ರ್ಯಾಕ್ಟ್ ಕ್ಯಾರೇಜ್‌ಗಳಿಗೂ ಗರಿಷ್ಠ, ಕನಿಷ್ಠ ದರ ನಿಗದಿ ಮಾಡಲು ನಿರ್ದೇಶನ ನೀಡುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೆ ಕೊಟ್ಟಿದೆ. ಪಕ್ಕದ ಮಹಾರಾಷ್ಟ್ರ 2018ರಲ್ಲೇ ಖಾಸಗಿ ಬಸ್ಸುಗಳು ಅಲ್ಲಿನ ಸರ್ಕಾರಿ ಬಸ್ ದರದ ಒಂದೂವರೆ ಪಟ್ಟಿಗಿಂತ ಹೆಚ್ಚು ಪಡೆಯಬಾರದೆಂದು ಆದೇಶ ಹೊರಡಿಸಿತು.

ಬಸ್ ಮಾಲೀಕರ ವಾದದಲ್ಲೂ ಹುರುಳಿಲ್ಲದಿಲ್ಲ. ಹಬ್ಬಕ್ಕೆ ಒಂದು ಕಡೆ ತುಂಬಿ ಹೋದ ಬಸ್ಸು ಇನ್ನೊಂದು ಕಡೆಯಿಂದ ಖಾಲಿ ಬರುತ್ತದೆ. ವಾರದ ನಡುವೆ ನಿಗಮದ ದರಕ್ಕಿಂತ ಕಡಿಮೆಗೂ ಸೀಟು ಕೊಡುತ್ತಾರೆ, ಅದರ ಲಾಭ ನಾನೂ ಪಡೆದಿದ್ದೇನೆ. ಆದ್ದರಿಂದಲೇ ಒಂದೇ ದರ ಹೇರಿ ಎಂದು ನಾನು ಕೇಳುವುದಿಲ್ಲ. ಇಳಿಯಲಿ, ಏರಲಿ. ಆದರೆ ಏರಿಕೆಗೊಂದು ಮಿತಿ ಇರಲಿ. ಒಂದೂವರೆ ಪಟ್ಟಿನೊಳಗೆ ಖಾಲಿ ಬರುವ ಬಸ್ಸಿನ ಡೀಸೆಲ್ ಖರ್ಚಿಗೂ ಜಾಗವಿದೆ.

ಟಿಕೆಟ್ ದರ ಇಳಿದರೆ ಏನಾಗುತ್ತದೆ ಎಂಬುದನ್ನು ನಾವು ಕಣ್ಣಾರೆ ನೋಡಿದ್ದೇವೆ. 2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಶುರುವಾಯಿತು. ಐಷಾರಾಮಿ ಬಸ್ಸುಗಳನ್ನು ಬಿಟ್ಟು ಸಾಮಾನ್ಯ, ವೇಗದೂತ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ ಉಚಿತ ಪ್ರಯಾಣ. ಈಗ ನಮ್ಮ ಕ್ಲಾಸಿನ ಹುಡುಗಿಯರು ಸಂದರ್ಶನದ ಇಮೇಲ್ ಬಂದಾಗ ರೊಕ್ಕದ ಮಾತು ಎತ್ತುವುದು ಕಡಿಮೆಯಾಗಿದೆ. ಗದಗಿನ ಗೆಳತಿಯೊಬ್ಬಳು ಕೆಂಪು ಬಸ್ಸಿನಲ್ಲಿ ರಾತ್ರಿಯಿಡೀ ಕೂತು ಹೋಗಿ, ಪರೀಕ್ಷೆ ಬರೆದು, ಅದೇ ರಾತ್ರಿ ಕೂತೇ ವಾಪಸ್ ಬರುತ್ತಾಳೆ. ಈಗ ಅವಳ ಮುಂದಿರುವ ಪ್ರಶ್ನೆ ಟಿಕೆಟ್ಟಿನದಲ್ಲ. ಬೆಳಗಿನ ಐದು ಗಂಟೆಗೆ ಮುಖ ತೊಳೆದು, ಬಟ್ಟೆ ಬದಲಿಸಿ, ಎಂಟರವರೆಗೆ ಭಯವಿಲ್ಲದೆ ಎಲ್ಲಿ ಕೂರಬೇಕು ಎಂಬುದು. ಒಂದು ಅಡೆತಡೆ ಸರಿದಾಗ ಅದರ ಹಿಂದಿದ್ದ ಇನ್ನೊಂದು ಕಾಣುತ್ತದೆ. ಅದನ್ನೂ ಸರಿಸಬೇಕಲ್ಲವೇ?

ಹುಡುಗರಿಗೂ ಉಚಿತ ಕೊಡಿ ಎಂಬ ಹಳೇ ಜಗಳಕ್ಕೆ ನಾನು ಇಳಿಯುವುದಿಲ್ಲ. 2025ರ ಜನವರಿಯಲ್ಲಿ ಶೇ 15ರಷ್ಟು ದರ ಏರಿಸಬೇಕಾಗಿ ಬಂದ ನಿಗಮಗಳ ಸ್ಥಿತಿಯೂ ಗೊತ್ತಿದೆ. ನಾನು ಕೇಳುವುದು ಚಿಕ್ಕ ಚಿಕ್ಕ ಸಂಗತಿಗಳು.

ಒಂದು, ನಮ್ಮ ವಿದ್ಯಾರ್ಥಿ ಬಸ್ ಪಾಸು ಮನೆಯಿಂದ ಕಾಲೇಜಿನ ದಾರಿಗೆ ಮಾತ್ರ. ಸಂದರ್ಶನದ ಪತ್ರ ಮತ್ತು ಕಾಲೇಜಿನ ಗುರುತಿನ ಚೀಟಿ ತೋರಿಸಿದವರಿಗೆ ವರ್ಷದಲ್ಲಿ ನಾಲ್ಕು ಸಲವಾದರೂ ಸಾಮಾನ್ಯ ಬಸ್ಸಿನಲ್ಲಿ ರಿಯಾಯಿತಿ ಸಿಗಲಿ. ಹಿರಿಯ ನಾಗರಿಕರಿಗೆ ಶೇ 25ರ ರಿಯಾಯಿತಿ ಈಗಾಗಲೇ ಇದೆ. ರೈಲ್ವೆ ರಜೆಯಲ್ಲಿ ಊರಿಗೆ ಹೋಗುವ ವಿದ್ಯಾರ್ಥಿಗಳಿಗೆ ರಿಯಾಯಿತಿ ಕೊಡುತ್ತದೆ. ಓದಿದ್ದಕ್ಕೆ ಫಲ ಹುಡುಕಿ ಹೋಗುವವರಿಗೂ ಒಂದಿಷ್ಟು ಸಿಗಲಿ.

ಎರಡು, ಮೆಜೆಸ್ಟಿಕ್‌ನಲ್ಲಿ ಪರೀಕ್ಷೆ, ಸಂದರ್ಶನಕ್ಕೆ ಬರುವ ಯುವಜನರಿಗೆ ಬೆಳಿಗ್ಗೆ ನಾಲ್ಕರಿಂದ ಒಂಬತ್ತರವರೆಗೆ ತೆರೆದಿರುವ, ಕಡಿಮೆ ಶುಲ್ಕದ ಒಂದು ಜಾಗ ಬೇಕು. ಸ್ನಾನಕ್ಕೆ ನೀರು, ಬ್ಯಾಗ್ ಇಡಲು ಲಾಕರ್, ಕೂರಲು ಕುರ್ಚಿ, ಬಾಗಿಲಲ್ಲಿ ಒಬ್ಬ ಮಹಿಳಾ ಸಿಬ್ಬಂದಿ. ಸರ್ಕಾರಿ ಹುದ್ದೆಗಳ ದೊಡ್ಡ ಪರೀಕ್ಷೆ ಇರುವ ಭಾನುವಾರ ಮೆಜೆಸ್ಟಿಕ್‌ನ ನಲ್ಲಿಗಳ ಮುಂದಿನ ಸಾಲು ನೋಡಿದವರಿಗೆ ಇದರ ಅಗತ್ಯ ವಿವರಿಸಬೇಕಿಲ್ಲ.

ಮೂರು, ಮತ್ತು ಇದಕ್ಕೆ ಯಾರಿಗೂ ಒಂದು ರೂಪಾಯಿ ಖರ್ಚಿಲ್ಲ: ಕಂಪನಿಗಳು ಸಂದರ್ಶನದ ದಿನಾಂಕವನ್ನು ಒಂದು ವಾರ ಮುಂಚೆ ತಿಳಿಸಲಿ. ಬೆಳಿಗ್ಗೆ ಒಂಬತ್ತರ ಬದಲು ಹನ್ನೊಂದಕ್ಕೆ ಕರೆಯಲಿ. ಕೊನೆಯ ಸುತ್ತು ಎದುರಾಬದುರು ಕೂತೇ ಆಗಬೇಕೆಂದರೆ ಹುಬ್ಬಳ್ಳಿ, ಕಲಬುರಗಿ, ಮಂಗಳೂರಿನಲ್ಲೂ ವರ್ಷಕ್ಕೊಮ್ಮೆ ಕೂರಲಿ. ನಮ್ಮ ಕಾಲೇಜುಗಳ ಪ್ಲೇಸ್‌ಮೆಂಟ್ ವಿಭಾಗಗಳು ಇದನ್ನು ಕಂಪನಿಗಳಿಗೆ ಹೇಳುವ ಧೈರ್ಯ ಮಾಡಲಿ.

ಅಲ್ಲಿಯವರೆಗೆ ನಾವು ಸುಮ್ಮನೆ ಕೂರಬೇಕಿಲ್ಲ. ನಮ್ಮ ಹಾಸ್ಟೆಲ್‌ನಲ್ಲಿ ಈ ಸೆಮಿಸ್ಟರ್‌ನಿಂದ ಒಂದು ಪಟ್ಟಿ ಅಂಟಿಸಿದ್ದೇವೆ. ಯಾವ ಬಸ್ಸು ಎಷ್ಟಕ್ಕೆ ಮುಟ್ಟುತ್ತದೆ, ಎಲ್ಲಿ ಇಳಿದರೆ ಮೆಟ್ರೊ ಹತ್ತಿರ, ಯಾವ ಸೀನಿಯರ್ ಯಾವ ಬಡಾವಣೆಯಲ್ಲಿದ್ದಾರೆ, ಯಾರು ಬೆಳಿಗ್ಗೆ ಬಾಗಿಲು ತೆಗೆಯುತ್ತಾರೆ ಎಂಬ ಪಟ್ಟಿ. ಒಂದು ಡಬ್ಬಿಯನ್ನೂ ಇಟ್ಟಿದ್ದೇವೆ. ಅದಕ್ಕೆ ಯಾರು ಎಷ್ಟು ಹಾಕಿದರು, ಯಾರು ಎಷ್ಟು ತೆಗೆದರು ಎಂದು ಬರೆಯುವುದಿಲ್ಲ. ಕೆಲಸ ಸಿಕ್ಕ ಸೀನಿಯರ್ ಒಬ್ಬರು ಮೊದಲ ಸಂಬಳದಲ್ಲಿ ಅದಕ್ಕೆ ಹಣ ಕಳಿಸಿದ್ದಾರೆ. ನಿಮ್ಮ ಹಾಸ್ಟೆಲ್‌ನಲ್ಲೂ ಇಂಥ ಪಟ್ಟಿ, ಇಂಥ ಡಬ್ಬಿ ಮಾಡಿ ನೋಡಿ. ಬುದ್ಧಿ ಇದ್ದೂ ಬಸ್ಸಿಗೆ ರೊಕ್ಕವಿಲ್ಲದೆ ಹಿಂದುಳಿಯುವ ಒಬ್ಬನನ್ನಾದರೂ ಅದು ಸಮಯಕ್ಕೆ ಸರಿಯಾಗಿ ಬೆಂಗಳೂರು ಮುಟ್ಟಿಸೀತು.