ಸರ್ಟಿಫಿಕೇಟಿನಲ್ಲಿ ಒತ್ತಕ್ಷರ ಒಡೆಯುವುದೇಕೆ?

ಕಲಬುರಗಿ ನಗರಕ್ಕೆ ಅಂಟಿಕೊಂಡಂತಿರುವ ಕುಸನೂರಿನ ವಿದ್ಯಾರ್ಥಿಯೊಬ್ಬ ಪಿಯುಸಿ ಮುಗಿಸಿದ ಎಂದಿಟ್ಟುಕೊಳ್ಳಿ. ಮುಂದಿನ ಓದಿಗೆ ಅವನ ಕೈಯಲ್ಲಿ ಎಷ್ಟು ಕಾಗದಗಳಿರಬೇಕು! ಜಾತಿ ಮತ್ತು ಆದಾಯದ ಪ್ರಮಾಣಪತ್ರ, 371(ಜೆ) ಅರ್ಹತಾ ಪತ್ರ, ಪ್ರವೇಶ ಪರೀಕ್ಷೆಯ ಹಾಲ್ ಟಿಕೆಟ್, ಶುಲ್ಕ ಕಟ್ಟಿದ ರಸೀದಿ. ಹಿಂದೆ ಇವನ್ನು ಗುಮಾಸ್ತರು ಕೈಯಿಂದ ಬರೆದು ಮೊಹರು ಒತ್ತುತ್ತಿದ್ದರು. ಈಗ ಇಂಥ ಕಾಗದಗಳಲ್ಲಿ ಬಹುಪಾಲು ಕಂಪ್ಯೂಟರಿನಿಂದ ಪಿಡಿಎಫ್ ಆಗಿಯೇ ಹೊರಬರುತ್ತವೆ. ಅದನ್ನು ಬರೆಯುವ ‘ಗುಮಾಸ್ತ’ ಯಾರು? ಆ ಗುಮಾಸ್ತನಿಗೆ ಕನ್ನಡ ಬರುತ್ತದೆಯೇ? ಪಾಲಕರೂ ವಿದ್ಯಾರ್ಥಿಗಳೂ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

ಪಿಡಿಎಫ್ ಎಂಬುದು ಅಡೋಬಿ ಸಂಸ್ಥೆ 1993ರಲ್ಲಿ ಹೊರತಂದ ಕಡತದ ಮಾದರಿ. 2008ರಲ್ಲಿ ಅದು ಅಂತರರಾಷ್ಟ್ರೀಯ ಮಾನಕವಾಯಿತು. ಯಾವ ಯಂತ್ರದಲ್ಲಿ ತೆರೆದರೂ ಪುಟ ಒಂದೇ ರೀತಿ ಕಾಣಬೇಕು ಎಂಬುದು ಅದರ ಗುರಿ. ಇಂಥ ಕಡತ ತಯಾರಿಸುವ ತಂತ್ರಾಂಶವನ್ನು ಪ್ರತಿ ಕಚೇರಿಯೂ ಮೊದಲಿನಿಂದ ಬರೆಯುವುದಿಲ್ಲ. ಯಾರೋ ಬರೆದು ಸಿದ್ಧಪಡಿಸಿಟ್ಟ ಭಾಗವನ್ನು ತಂದು ಜೋಡಿಸಿಕೊಳ್ಳುತ್ತಾರೆ. ಇದಕ್ಕೆ ‘ಲೈಬ್ರರಿ’ ಎಂದು ಹೆಸರು. ಅದನ್ನು ಕಟ್ಟು ಕಟ್ಟಿ, ಆವೃತ್ತಿಯ ಸಂಖ್ಯೆ ಹಚ್ಚಿ, ಬೇರೆಯವರು ಸುಲಭವಾಗಿ ತಮ್ಮ ಯಂತ್ರಕ್ಕೆ ಇಳಿಸಿಕೊಳ್ಳುವಂತೆ ಮಾಡಿದರೆ ಅದು ‘ಪ್ಯಾಕೇಜ್’.

ಇಲ್ಲಿ ಕನ್ನಡದ ತೊಡಕು ಬರುತ್ತದೆ. ‘ಕುಸನೂರ’ ಎಂದು ಬರೆದು ನೋಡಿ. ಒಂದೂ ಒತ್ತಕ್ಷರವಿಲ್ಲ. ಇಂಗ್ಲಿಷಿನ ಹಾಗೆ ಅಕ್ಷರದ ಪಕ್ಕ ಅಕ್ಷರ ಇಟ್ಟುಕೊಂಡು ಹೋಗುವ ಲೈಬ್ರರಿಯೂ ಈ ಊರಿನ ಹೆಸರನ್ನು ಹೆಚ್ಚು ಕೆಡಿಸದೆ ಮುದ್ರಿಸೀತು. ಆದರೆ ‘ಕರ್ನಾಟಕ’ ಎನ್ನಿ. ಕಂಪ್ಯೂಟರಿನ ಸ್ಮರಣೆಯಲ್ಲಿ ‘ರ’ ಮೊದಲು, ‘ನಾ’ ಆಮೇಲೆ. ಕಾಗದದ ಮೇಲೆ ಮಾತ್ರ ಅರ್ಕಾವತ್ತು ‘ನಾ’ ಆದ ಮೇಲೆ ಕೂರಬೇಕು. ‘ಶಾಸ್ತ್ರಿ’ ಎಂಬಲ್ಲಿ ‘ಸ’ದ ಕೆಳಗೆ ಎರಡು ಒತ್ತುಗಳು ಇಳಿಯಬೇಕು. ಯೂನಿಕೋಡ್ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಕೊಟ್ಟಿತು, ನಿಜ. ಆದರೆ ಅದು ಹೇಳುವುದು ಯಾವ ಅಕ್ಷರ ಯಾವ ಕ್ರಮದಲ್ಲಿದೆ ಎಂಬುದನ್ನು. ಅಕ್ಷರಗಳನ್ನು ಕೂಡಿಸಿ ಸರಿಯಾದ ರೂಪ ಕೊಡುವುದು ಬೇರೆಯದೇ ಕೆಲಸ. ಆ ವಿದ್ಯೆ ತಿಳಿಯದ ಲೈಬ್ರರಿಯ ಕೈಯಲ್ಲಿ ಒತ್ತು ಒಡೆದು, ಅರ್ಧಾಕ್ಷರದ ಚಿಹ್ನೆ ಹಾಗೆಯೇ ಉಳಿಯುತ್ತದೆ. ಕನ್ನಡದ ಫಾಂಟನ್ನೇ ಜೊತೆಗೆ ಕೊಡದಿದ್ದರಂತೂ ಖಾಲಿ ಚೌಕಗಳ ಸಾಲೇ ಗತಿ.

ಈ ದೋಷ ತಾನಾಗಿ ಸರಿಹೋಗುವುದಿಲ್ಲ. ಯಾರಾದರೂ ಕುಳಿತು ಸರಿಪಡಿಸಬೇಕು. ಪೈಥಾನ್ ಭಾಷೆಯಲ್ಲಿ ‘ಎಫ್‌ಪಿಡಿಎಫ್’ ಎಂಬ ಲೈಬ್ರರಿಯ ಉದಾಹರಣೆ ನೋಡಿ. ಅದರ 1.7.2 ಆವೃತ್ತಿ 2015ರಲ್ಲಿ ಬಂತು, ಅಲ್ಲಿಗೆ ನಿಂತಿತು. ಮುಂದೆ ಬೇರೆ ಸ್ವಯಂಸೇವಕರು ಆ ಕೆಲಸವನ್ನು ಹೆಗಲಿಗೆ ಹಾಕಿಕೊಂಡು ‘ಎಫ್‌ಪಿಡಿಎಫ್2’ ಎಂಬ ಹೆಸರಿನಲ್ಲಿ ನಡೆಸಿಕೊಂಡು ಬಂದರು. 2023ರಲ್ಲಿ ಅದಕ್ಕೆ ‘ಹಾರ್ಫ್‌ಬಜ್’ ಎಂಬ ಉಚಿತ ತಂತ್ರಾಂಶದ ನೆರವು ಜೋಡಿಸಿದರು. ಅಕ್ಷರ ಕೂಡಿಸುವ ವಿದ್ಯೆ ಬಲ್ಲದ್ದು ಇದು. ಆಂಡ್ರಾಯ್ಡ್ ಫೋನಿನಲ್ಲಿ ನೀವು ಕನ್ನಡ ಓದುವುದೂ ಇದರ ಬಲದಿಂದಲೇ. ಆದರೆ ಹಳೆಯ ಹೆಸರಿನಿಂದ ಹುಡುಕಿದವರಿಗೆ ಸಿಗುವುದು ಹಳೆಯ ಪ್ಯಾಕೇಜೇ! ಹೊಸದನ್ನು ತಂದರೂ ಅಕ್ಷರ ಕೂಡಿಸುವ ಸೌಲಭ್ಯವನ್ನು ಒಂದು ಆಜ್ಞೆ ಕೊಟ್ಟು ನಾವೇ ಚಾಲೂ ಮಾಡಬೇಕು. ಆವೃತ್ತಿ ಬದಲಿಸಿದರೆ ಸಾಲದು, ಜೊತೆಗೆ ಬಂದ ಟಿಪ್ಪಣಿಯನ್ನೂ ಓದಬೇಕು ಎಂಬುದು ಇದರ ಪಾಠ.

ಅಕ್ಷರ ಕೆಡುವುದು ಕಣ್ಣಿಗೆ ಕಾಣುವ ತೊಂದರೆ. ಕಾಣದ ತೊಂದರೆ ಇನ್ನೂ ದೊಡ್ಡದು. ‘ರಿಪೋರ್ಟ್‌ಲ್ಯಾಬ್’ ಎಂಬ ಇನ್ನೊಂದು ಪ್ರಸಿದ್ಧ ಪಿಡಿಎಫ್ ಲೈಬ್ರರಿಯಲ್ಲಿ 2023ರಲ್ಲಿ ಒಂದು ಬಿರುಕು ಬಯಲಾಯಿತು. ಅಕ್ಷರದ ಬಣ್ಣ ಸೂಚಿಸುವ ಜಾಗದಲ್ಲಿ ಕಿಡಿಗೇಡಿಯೊಬ್ಬ ಉಪಾಯದಿಂದ ಬೇರೇನನ್ನೋ ಬರೆದರೆ, ಪಿಡಿಎಫ್ ತಯಾರಿಸುವ ಯಂತ್ರ ಅವನ ಆಜ್ಞೆಯನ್ನೇ ಪಾಲಿಸುವ ಸಂಭವವಿತ್ತು. 3.6.13 ಆವೃತ್ತಿಯಲ್ಲಿ ಆ ಬಿರುಕು ಮುಚ್ಚಿದರು. ಆದರೆ ಪ್ರಯೋಜನ ಯಾರಿಗೆ? ಆ ಆವೃತ್ತಿಯನ್ನು ತಂದು ಹಾಕಿಕೊಂಡವರಿಗೆ ಮಾತ್ರ. ಹಾಕಿಕೊಳ್ಳದವರ ಮನೆಯ ಬಾಗಿಲು ತೆರೆದೇ ಉಳಿಯಿತು. ನಿಮ್ಮ ಮಕ್ಕಳ ಹೆಸರು, ಜನ್ಮದಿನಾಂಕ, ಅಂಕಗಳು ಇರುವುದು ಇಂಥ ಯಂತ್ರಗಳಲ್ಲಿಯೇ ಅಲ್ಲವೇ?

ನಮ್ಮ ಭಾಗದ ಮಣ್ಣಿನ ಮಾಳಿಗೆ ಮನೆಗಳನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮುಂಗಾರು ಬರುವ ಮೊದಲು ಮಾಳಿಗೆಗೆ ಹೊಸ ಮಣ್ಣು ಹಾಕಿ ಹದ ಮಾಡದಿದ್ದರೆ ಮಳೆಗೆ ಮನೆ ಸೋರುತ್ತದೆ. ಮನೆ ಕಟ್ಟಿದವನ ಹೆಸರು ಎಲ್ಲರ ಬಾಯಲ್ಲಿ. ವರ್ಷವರ್ಷವೂ ಮಣ್ಣು ಹೊತ್ತವನ ಹೆಸರು ಯಾರಿಗೂ ಗೊತ್ತಿಲ್ಲ. ಲೈಬ್ರರಿ ನಿರ್ವಹಿಸುವವರ ಸ್ಥಿತಿಯೂ ಹೀಗೆಯೇ. ಜಗತ್ತಿನಲ್ಲಿ ಲಕ್ಷಾಂತರ ಜನ ಬಳಸುವ ಎಷ್ಟೋ ಪ್ಯಾಕೇಜ್‌ಗಳನ್ನು ಒಬ್ಬಿಬ್ಬರು ತಮ್ಮ ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುತ್ತಿದ್ದಾರೆ.

‘ನಮ್ಮ ಹುಡುಗ ಹೊಸದೇನಾದರೂ ಕಂಡುಹಿಡಿಯಲಿ’ ಎಂದು ಪಾಲಕರು ಬಯಸುವುದು ಸಹಜ. ಆದರೆ ಇದ್ದದ್ದನ್ನು ಕೆಡದಂತೆ ಕಾಯುವುದೂ ಎಂಜಿನಿಯರಿಂಗೇ. ಇದನ್ನು ಕಲಿಯಲು ಬೆಂಗಳೂರಿಗೇ ಹೋಗಬೇಕಿಲ್ಲ. ಕುಸನೂರಿನಲ್ಲೇ ಕುಳಿತು, ಒಂದು ಸಾಧಾರಣ ಕಂಪ್ಯೂಟರ್ ಮತ್ತು ಇಂಟರ್‌ನೆಟ್ ಇದ್ದರೆ ಆರಂಭಿಸಬಹುದು.

ಆರಂಭ ಹೇಗೆ? ಒಂದು ಮುಕ್ತ ತಂತ್ರಾಂಶದ ಪಿಡಿಎಫ್ ಲೈಬ್ರರಿ ಆರಿಸಿಕೊಳ್ಳಿ. ಕನ್ನಡ ಫಾಂಟುಗಳೂ ಪ್ಯಾಕೇಜ್ ಆಗಿಯೇ ಉಚಿತವಾಗಿ ಸಿಗುತ್ತವೆ. ಡೆಬಿಯನ್ ಲಿನಕ್ಸ್‌ನಲ್ಲಿ ‘ಗುಬ್ಬಿ’, ‘ನವಿಲು’ ಎಂಬ ಮುದ್ದಾದ ಹೆಸರಿನವು ಇವೆ. ‘ವಿದ್ಯಾರ್ಥಿ’, ‘ಅರ್ಜಿ’, ‘ಸ್ತ್ರೀ’, ‘ಕರ್ನಾಟಕ’ ಈ ನಾಲ್ಕು ಪದಗಳನ್ನು ಪಿಡಿಎಫ್ ಮಾಡಿ ನೋಡಿ. ಕೆಟ್ಟರೆ, ಆವೃತ್ತಿ ಯಾವುದು, ಫಾಂಟ್ ಯಾವುದು, ಬರಬೇಕಾದದ್ದೇನು, ಬಂದದ್ದೇನು ಎಂಬುದನ್ನು ಚಿತ್ರದ ಸಮೇತ ನಿರ್ವಾಹಕರಿಗೆ ಬರೆದು ತಿಳಿಸಿ. ಫ್ರಾನ್ಸ್‌ನಲ್ಲೋ ಬ್ರೆಜಿಲ್‌ನಲ್ಲೋ ಇರುವ ನಿರ್ವಾಹಕರಿಗೆ ಅರ್ಕಾವತ್ತು ಎಲ್ಲಿ ಕೂರಬೇಕೆಂದು ಹೇಗೆ ಗೊತ್ತಾಗಬೇಕು? ಅದು ಗೊತ್ತಿರುವವರು ನೀವು. ಹೊಸ ಆವೃತ್ತಿ ಬಂದಾಗಲೆಲ್ಲ ಅದೇ ನಾಲ್ಕು ಪದಗಳನ್ನು ಮತ್ತೆ ಪರೀಕ್ಷಿಸಿ. ಇಂದು ಸರಿಯಾದದ್ದು ನಾಳಿನ ಬದಲಾವಣೆಯಲ್ಲಿ ಮತ್ತೆ ಕೆಡಬಹುದು.

ಪಾಲಕರಿಗೂ ಒಂದು ಮಾತು. ಮಗುವಿನ ಪ್ರಮಾಣಪತ್ರ ಕೈಗೆ ಬಂದ ದಿನವೇ ಹೆಸರನ್ನು ಅಕ್ಷರ ಅಕ್ಷರ ಓದಿ ನೋಡಿ. ಒತ್ತು ಒಡೆದಿದ್ದರೆ ‘ಕಂಪ್ಯೂಟರೇ ಹಾಗೆ’ ಎಂದು ಸುಮ್ಮನಾಗಬೇಡಿ. ಅದು ಕಂಪ್ಯೂಟರಿನ ಹಣೆಬರಹವಲ್ಲ. ಯಾರೋ ಮಾಳಿಗೆಗೆ ಮಣ್ಣು ಹಾಕುವುದನ್ನು ಮರೆತಿದ್ದಾರೆ, ಅಷ್ಟೇ. ಅದನ್ನು ಸರಿಪಡಿಸಿ ಎಂದು ಕೇಳುವುದು ನಿಮ್ಮ ಹಕ್ಕು.