ಶಾಲೆಯ ವಾದ್ಯವೃಂದ ಮೌನವಾಗಬಾರದು

ಶಾಲೆಯ ಬ್ಯಾಂಡು ಮೆರವಣಿಗೆಯ ಅಲಂಕಾರ ಮಾತ್ರವೆಂದು ಭಾವಿಸುವವರುಂಟು. ಸ್ವಾತಂತ್ರ್ಯ ದಿನದಂದು ಧ್ವಜಸ್ತಂಭದ ಬಳಿ, ಗಣರಾಜ್ಯ ದಿನದಂದು ಊರ ಬೀದಿಯಲ್ಲಿ ನುಡಿದು, ಉಳಿದ ದಿನಗಳಲ್ಲಿ ಕೋಣೆಯ ಮೂಲೆ ಸೇರುವ ವಸ್ತು ಅದೆಂಬುದು ಅವರ ಎಣಿಕೆ. ಆದರೆ ಡ್ರಮ್ಮು ಬಾರಿಸುವ ಬಾಲಕನೂ ಕೊಳಲನ್ನೂದುವ ಬಾಲಕಿಯೂ ಅಲ್ಲಿ ಕಲಿಯುವುದು ವಾದನವನ್ನಷ್ಟೇ ಅಲ್ಲ. ತಮ್ಮ ಸರದಿಗಾಗಿ ಕಾಯುವುದನ್ನು, ನೆರೆಯವರ ಲಯಕ್ಕೆ ತಮ್ಮ ಲಯವನ್ನು ಹೊಂದಿಸುವುದನ್ನು ಸಹ ಅವರು ಕಲಿಯುತ್ತಾರೆ. ಸಾಂಕ್ರಾಮಿಕ ರೋಗವು ಬಂದೆರಗಿದಾಗ ಇಂಥ ವಿದ್ಯೆಯನ್ನು ಏನು ಮಾಡಬೇಕು? ಮೊದಲು ನಿಲ್ಲಿಸಿ ಕೊನೆಗೆ ಆರಂಭಿಸಬೇಕೆ, ಅಥವಾ ಕಾಲಕ್ಕೆ ತಕ್ಕಂತೆ ಅದರ ರೀತಿಯನ್ನು ಬದಲಿಸಿ ಉಳಿಸಿಕೊಳ್ಳಬೇಕೆ?

2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ರೋಗದ ನಿಮಿತ್ತ ನಮ್ಮ ನಾಡಿನ ಶಾಲೆಗಳು ಮುಚ್ಚಿದವು. ಹತ್ತನೆಯ ತರಗತಿಯ ಮಕ್ಕಳು 2021ರ ಜನವರಿ 1ರಂದು ಮರಳಿ ಬಂದರಾದರೂ, ಎರಡನೆಯ ಅಲೆ ಅವರನ್ನು ಮತ್ತೆ ಮನೆಗೆ ಕಳುಹಿಸಿತು. ಒಂಬತ್ತು ಮತ್ತು ಹತ್ತನೆಯ ತರಗತಿಗಳು ಪುನಃ ತೆರೆದುದು 2021ರ ಆಗಸ್ಟ್ 23ರಂದು. ಪ್ರೌಢಶಾಲೆಯಲ್ಲಿ ಇರುವುದು ಮೂರೇ ತರಗತಿಗಳು. ಬ್ಯಾಂಡಿನಲ್ಲಿ ಹಿರಿಯರ ಕೈ ನೋಡಿ ಕಿರಿಯರು ಕಲಿಯುವುದು ವಾಡಿಕೆ. 2019ರಲ್ಲಿ ಎಂಟನೆಯ ತರಗತಿಗೆ ಸೇರಿದ ಮಕ್ಕಳು ಶಾಲೆ ಮತ್ತೆ ತೆರೆಯುವಷ್ಟರಲ್ಲಿ ಹತ್ತನೆಯ ತರಗತಿಯಲ್ಲಿದ್ದರು. ಅವರಿಗೆ ಕಲಿಸಿದ ಹಿರಿಯರು ಶಾಲೆ ಬಿಟ್ಟುಹೋಗಿದ್ದರು. ಅವರಿಂದ ಕಲಿಯಬೇಕಾದ ಕಿರಿಯರು ಪ್ರೌಢಶಾಲೆಯ ವಾದ್ಯವೃಂದವನ್ನು ಕಂಡೇ ಇರಲಿಲ್ಲ. ಪಾಠದ ಪುಸ್ತಕವನ್ನು ಎರಡು ವರ್ಷ ಬಿಟ್ಟು ತೆರೆದರೂ ಅಕ್ಷರಗಳು ಹಾಗೆಯೇ ಇರುತ್ತವೆ. ಕೈಯಿಂದ ಕೈಗೆ ಸಾಗುವ ವಿದ್ಯೆಗೆ ಆ ಭಾಗ್ಯವಿಲ್ಲ.

ಆದರೂ ಆ ಕಾಲದ ಅಂಜಿಕೆ ನಿರಾಧಾರವಾದುದೆಂದು ಹೇಳಲಾಗದು. 2020ರ ಮಾರ್ಚ್ 10ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಎಂಬಲ್ಲಿ ಗಾಯಕ ತಂಡವೊಂದರ 61 ಮಂದಿ ಸಭಾಂಗಣವೊಂದರಲ್ಲಿ ಸುಮಾರು ಎರಡೂವರೆ ಗಂಟೆಗಳ ಕಾಲ ಅಭ್ಯಾಸ ನಡೆಸಿದರು. ಅವರಲ್ಲಿ ಒಬ್ಬರಿಗೆ ರೋಗಲಕ್ಷಣಗಳಿದ್ದವು. ಅನಂತರ ರೋಗ ದೃಢಪಟ್ಟವರೂ ಸಂಶಯಾಸ್ಪದರೂ ಸೇರಿ 53 ಮಂದಿ ಅಸ್ವಸ್ಥರಾದರು, ಇಬ್ಬರು ತೀರಿಕೊಂಡರು. ಹಾಡುವ ಉಸಿರೇ ರೋಗದ ವಾಹನವಾಗಬಲ್ಲುದೆಂಬುದಕ್ಕೆ ಇದು ಸಾಕ್ಷಿ.

ಅಪಾಯವನ್ನು ಬಲ್ಲವನು ಅದರ ನೆಲೆಯನ್ನೂ ಅರಿಯಬೇಕು. ಆ ವರ್ಷವೇ ಅಮೆರಿಕದ ಕೊಲೊರಾಡೊ ಮತ್ತು ಮೇರಿಲೆಂಡ್ ವಿಶ್ವವಿದ್ಯಾನಿಲಯಗಳ ಸಂಶೋಧಕರು ವಾದ್ಯಗಳಿಂದ ಹೊರಡುವ ಸೂಕ್ಷ್ಮ ಹನಿಗಳನ್ನು ಪರೀಕ್ಷಿಸಿ ಶಾಲೆಗಳಿಗೆ ಸಲಹೆಗಳನ್ನಿತ್ತರು. ತುತ್ತೂರಿಯಂಥ ವಾದ್ಯಗಳ ಬಾಯಿಗೆ ಬಟ್ಟೆಯ ಹೊದಿಕೆ, ವಾದಕರ ನಡುವೆ ಆರು ಅಡಿಗಳ ಅಂತರ, ಒಮ್ಮೆಗೆ ಮೂವತ್ತು ನಿಮಿಷಗಳ ಅಭ್ಯಾಸ, ಸಾಧ್ಯವಿದ್ದಲ್ಲಿ ಬಯಲು—ಇವು ಅವುಗಳಲ್ಲಿ ಮುಖ್ಯವಾದವು. ಡ್ರಮ್ಮಿಗಾಗಲಿ ತಾಳಕ್ಕಾಗಲಿ ಉಸಿರೇ ಬೇಡ; ಮುಖಗವಸು ಧರಿಸಿಯೇ ಅವನ್ನು ನುಡಿಸಬಹುದು.

ಬಯಲು ನಮಗೆ ಹೊಸದಲ್ಲ. 1898ರಲ್ಲಿ ಮೈಸೂರು ಸಂಸ್ಥಾನಕ್ಕೆ ಪ್ಲೇಗು ಕಾಲಿಟ್ಟ ಮೇಲೆ, ಊರನ್ನು ಬಿಟ್ಟು ಹೊರಗೆ ಗುಡಿಸಲು ಹಾಕಿಕೊಂಡು ಬದುಕಿದವರು ನಮ್ಮ ಹಿರಿಯರು. ಅರಸೀಕೆರೆಯ ಸಮೀಪದ ಮಾಲೇಕಲ್ಲನ್ನು ನೆನೆಯಿರಿ. ಬೆಟ್ಟದ ಮೇಲೆ ವೆಂಕಟರಮಣನ ಗುಡಿ, ಅದಕ್ಕೇರಲು ಕಲ್ಲಿನ ಮೆಟ್ಟಿಲುಗಳು, ಸುತ್ತ ವಿಶಾಲವಾದ ಆಕಾಶ. ಇಂಥ ಊರಿನ ಮಕ್ಕಳು ಮುಚ್ಚಿದ ಕೊಠಡಿಯಲ್ಲಿಯೇ ಅಭ್ಯಾಸ ಮಾಡಬೇಕೆಂಬ ನಿಯಮವೆಲ್ಲಿದೆ? ಡ್ರಮ್ಮಿನವರು ಒಂದು ದಿನ, ಊದುವವರು ಇನ್ನೊಂದು ದಿನ ಬೆಟ್ಟದ ಬುಡದ ಬಯಲಿನಲ್ಲಿ ಅಂತರವಿಟ್ಟು ನಿಲ್ಲಬಹುದು. ಒಬ್ಬರ ವಾದ್ಯ ಇನ್ನೊಬ್ಬರ ತುಟಿಗೆ ತಾಗದಿರಲಿ. ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರು ಚಲಿಸುವುದರಿಂದ, 34 ಮೀಟರು ದೂರದ ಪೆಟ್ಟು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ತಡವಾಗಿ ಕೇಳಿಸುತ್ತದೆ. ಆದುದರಿಂದ ಸಾಲು ಬಹಳ ಹಿಗ್ಗಿದಾಗ ಕಿವಿಗಿಂತ ಮಿಗಿಲಾಗಿ ಕಣ್ಣು ನಾಯಕನ ಕೈಯನ್ನು ಅನುಸರಿಸಬೇಕು. ಇದೂ ಒಂದು ಶಿಕ್ಷಣವೇ.

ಮನೆಯಿಂದ ಹೊರಬರಲಾಗದ ದಿನಗಳೂ ಬರಬಹುದು. ಫೋನಿನ ಮೂಲಕ ಎಲ್ಲರೂ ಒಟ್ಟಿಗೆ ನುಡಿಸುವುದು ಕಷ್ಟ. ಒಬ್ಬೊಬ್ಬರ ಧ್ವನಿ ಒಂದೊಂದು ಗಳಿಗೆಗೆ ತಲುಪಿ ಲಯ ಚದರುತ್ತದೆ. ಫೋನೇ ಇಲ್ಲದ ಮನೆಗಳೂ ಉಂಟು. ಆದರೆ ತಕಧಿಮಿ ಎಂದು ಬಾಯಲ್ಲಿ ಹೇಳಿ, ತೊಡೆಯ ಮೇಲೆ ತಾಳ ಹಾಕಿ ಕಲಿಯುವ ಕ್ರಮ ನಮ್ಮ ಸಂಗೀತದಲ್ಲಿ ಹಿಂದಿನಿಂದಲೂ ಇದೆ. ಎರಡು ಕೋಲು, ಒಂದು ಮರದ ಹಲಗೆ ದೊರೆತರೆ ಡ್ರಮ್ಮಿನ ಕೈ ಜಡ್ಡುಗಟ್ಟದು.

“ಜೀವ ಉಳಿದರಲ್ಲವೆ ವಾದ್ಯ? ಅನ್ನಕ್ಕೂ ಅಕ್ಷರಕ್ಕೂ ಕಷ್ಟವಾದಾಗ ಬ್ಯಾಂಡಿನ ಚಿಂತೆಯೇಕೆ?” ಎಂದು ಕೇಳುವವರ ಮಾತನ್ನು ತಳ್ಳಿಹಾಕುವಂತಿಲ್ಲ. ರೋಗ ಉಲ್ಬಣಿಸಿದಾಗ ಎಲ್ಲವನ್ನೂ ನಿಲ್ಲಿಸಲೇಬೇಕು. ವೈದ್ಯರ ಮಾತೇ ಆಗ ಅಂತಿಮ. ಆದರೆ ಮಗು ಗೆಳೆಯರಿಂದ ಅಗಲಿ ತಿಂಗಳುಗಟ್ಟಲೆ ಒಂಟಿಯಾಗಿರುವಾಗ, ಇತರರೊಡನೆ ಹೆಜ್ಜೆ ಹಾಕುವುದನ್ನು ಕಲಿಸುವ ವಿದ್ಯೆ ಹೆಚ್ಚು ಬೇಕಾಗುತ್ತದೆಯೇ ಹೊರತು ಕಡಿಮೆಯಲ್ಲ. ರೋಗ ಇಳಿಯುತ್ತಿದ್ದಂತೆ ನಾಲ್ಕು ಮಕ್ಕಳಿಂದಲಾದರೂ ಅಭ್ಯಾಸ ಆರಂಭವಾಗಬೇಕು. ಹಿರಿಯ ತರಗತಿಯವರು ಶಾಲೆ ಬಿಡುವ ಮುನ್ನ ತಮ್ಮ ಪಾಠವನ್ನು ಒಬ್ಬ ಕಿರಿಯನಿಗಾದರೂ ಒಪ್ಪಿಸಬೇಕು.

ಮಾಲೇಕಲ್ಲು ಇರುವ ಹಾಸನ ಜಿಲ್ಲೆಯಲ್ಲಿಯೇ ಹಳೇಬೀಡಿನ ಹೊಯ್ಸಳೇಶ್ವರ ದೇಗುಲವಿದೆ. ಅದರ ಗೋಡೆಗಳ ಮೇಲೆ ಹನ್ನೆರಡನೆಯ ಶತಮಾನದ ವಾದಕರು ಇಂದಿಗೂ ಮದ್ದಳೆಯ ಮೇಲೆ ಕೈಯಿಟ್ಟು ನಿಂತಿದ್ದಾರೆ. ಅವರ ಭಂಗಿಯನ್ನು ಕಲ್ಲು ಕಾಪಾಡಿತು. ಅವರ ನಾದವನ್ನು ಕಾಪಾಡಲು ಅದರಿಂದಾಗಲಿಲ್ಲ. ಆ ಕೆಲಸ ಬದುಕಿರುವ ಕೈಗಳದು. ನಿಮ್ಮ ಶಾಲೆಯ ಡ್ರಮ್ಮಿನ ಕೋಲು ಇಂದು ಯಾರ ಕೈಯಲ್ಲಿದೆ, ನಾಳೆ ಯಾರ ಕೈಗೆ ಹೋಗಲಿದೆ ಎಂಬುದನ್ನು ನೀವೇ ಯೋಚಿಸಿ.